ತರಗತಿಗೆಂದು ಬರೆದ ಪ್ರಬಂಧ

ಕಾಲೇಜಿನಲ್ಲಿ ಕನ್ನಡ ಬೋಧಿಸುವ ನನ್ನಂಥವನಿಗೆ ವರ್ಷಕ್ಕೊಮ್ಮೆ ತಪ್ಪದೆ ಒದಗುವ ಒಂದು ಕಷ್ಟವುಂಟು. ವಿದ್ಯಾರ್ಥಿಗಳಿಗೆ ಒಂದು ವಿಷಯವನ್ನು ಕೊಟ್ಟು, ಅದರ ಮೇಲೆ ಹಿಂದಿನವರು ಬರೆದುದನ್ನು ಓದಿ, ತಮ್ಮದೇ ಆದ ಒಂದು ಪಕ್ಷವನ್ನು ಹಿಡಿದು, ಆಧಾರಸಹಿತವಾಗಿ ಅದನ್ನು ಸಾಧಿಸಿ ತೋರಿಸಿರೆಂದು ಹೇಳುತ್ತೇನೆ. ಬಂದ ಪ್ರಬಂಧಗಳ ಕಟ್ಟನ್ನು ಬಿಚ್ಚಿದರೆ ಅವು ಎರಡು ಪಂಗಡವಾಗಿ ಬೀಳುತ್ತವೆ. ಒಂದರಲ್ಲಿ ನಾಲ್ಕು ಗ್ರಂಥಗಳ ಮಾತುಗಳಿವೆ, ಬರೆದವನ ಮಾತಿಲ್ಲ. ಇನ್ನೊಂದರಲ್ಲಿ ಬರೆದವನ ಮಾತೇ ಉದ್ದಕ್ಕೂ ಇದೆ, ಅದೂ ಏರಿದ ದನಿಯಲ್ಲಿ. ಆಧಾರವೆಂಬುದು ಹುಡುಕಿದರೂ ಸಿಕ್ಕದು. ಓದಿದ್ದನ್ನೂ ನಂಬಿದ್ದನ್ನೂ ಒಂದೇ ನೊಗಕ್ಕೆ ಕಟ್ಟಿ ಉಳುವುದು ಹೇಗೆಂದು ಹುಡುಗರು ಕೇಳುತ್ತಾರೆ. ನಿಯಮಗಳನ್ನು ಹೇಳಿ ಹೇಳಿ ಸಾಕಾಗಿ, ಕೆಲವು ವರ್ಷಗಳಿಂದ ನಾನು ಅವರಿಗೆ ಒಂದು ಕಥೆಯನ್ನು ಹೇಳುತ್ತ ಬಂದಿದ್ದೇನೆ. ಇಪ್ಪತ್ತೈದು ವರ್ಷದ ಒಬ್ಬ ವಿದ್ಯಾರ್ಥಿಯು ತನ್ನ ತರಗತಿಗೆಂದು ಬರೆದ ಒಂದು ಪ್ರಬಂಧದ ಕಥೆ ಅದು. ಆ ವಿದ್ಯಾರ್ಥಿಯ ಹೆಸರು ಭೀಮರಾವ್ ರಾಮಜಿ ಅಂಬೇಡ್ಕರ್.

ಅಂಬೇಡ್ಕರರನ್ನು ನಾವು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರೆಂದು ಬಲ್ಲೆವು. ಮಹಾಡದ ಕೆರೆಯ ನೀರನ್ನು ಕೈಯಲ್ಲಿ ಎತ್ತಿ ಕುಡಿದ ನಾಯಕರೆಂದು ಬಲ್ಲೆವು. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧರಾದವರೆಂದು ಬಲ್ಲೆವು. ಊರೂರಿನ ಪ್ರತಿಮೆಗಳಲ್ಲಿ ಅವರ ಕೈಯಲ್ಲೊಂದು ಪುಸ್ತಕವಿರುತ್ತದೆ. ಆದರೆ ಆ ಕೈಗೆ ಪುಸ್ತಕವು ಬಂದ ಬಗೆಯನ್ನು ಕುರಿತು, ಆ ಪುಸ್ತಕದಿಂದ ವಾದವು ಹುಟ್ಟಿದ ಬಗೆಯನ್ನು ಕುರಿತು ನಾವು ಆಲೋಚಿಸುವುದು ಕಡಮೆ.

ಅವರು ಹುಟ್ಟಿದ್ದು 1891ನೆಯ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದು, ದಂಡಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ತಾಯಿ ಭೀಮಾಬಾಯಿ. ಆ ದಂಪತಿಗಳ ಹದಿನಾಲ್ಕನೆಯ ಕೂಸು ಇವರು. ಮಹಾರ್ ಕುಲದಲ್ಲಿ ಹುಟ್ಟಿದವರಾದುದರಿಂದ ಸಾತಾರೆಯ ಶಾಲೆಯಲ್ಲಿ ಬಾಲಕನಿಗೆ ಉಳಿದ ಮಕ್ಕಳ ಸಾಲಿನಲ್ಲಿ ಜಾಗವಿರಲಿಲ್ಲ. ಕೂರಲು ಗೋಣಿತಾಟನ್ನು ಮನೆಯಿಂದಲೇ ತಂದು, ಸಂಜೆ ಅದನ್ನು ಸುತ್ತಿಕೊಂಡು ಹೋಗಬೇಕಾಗಿತ್ತು. ಬಾಯಾರಿದರೆ ಶಾಲೆಯ ಜವಾನನು ಬಂದು ಮೇಲಿನಿಂದ ನೀರು ಹೊಯ್ಯಬೇಕು. ಜವಾನನು ಇಲ್ಲದ ದಿನ ನೀರೂ ಇಲ್ಲ.

1901ರ ಬೇಸಗೆಯ ಒಂದು ಪ್ರಯಾಣವನ್ನು ಅವರು ಮುಂದೆ ತಾವೇ ಬರೆದಿಟ್ಟರು. ತಂದೆ ಕೋರೆಗಾವಿನಲ್ಲಿ ಉದ್ಯೋಗದಲ್ಲಿದ್ದರು. ಅಲ್ಲಿಗೆ ಹೊರಟ ಮಕ್ಕಳು ಹೊಸ ಅಂಗಿ, ಜರಿಯ ಟೋಪಿ ಧರಿಸಿ ಮಸೂರು ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಬಟ್ಟೆಬರೆಯನ್ನು ಕಂಡು ಆದರದಿಂದ ವಿಚಾರಿಸಿದ ಸ್ಟೇಷನ್ ಮಾಸ್ತರರು ಕುಲವನ್ನು ಕೇಳಿದೊಡನೆ ಹಿಂದಕ್ಕೆ ಸರಿದರು. ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬನು ಎರಡರಷ್ಟು ಬಾಡಿಗೆಗೆ ಒಪ್ಪಿದನು. ಆದರೆ ಎತ್ತುಗಳನ್ನು ಹೊಡೆಯುವವರು ಮಕ್ಕಳು, ತಾನು ಪಕ್ಕದಲ್ಲಿ ನಡೆದು ಬರುವವನು ಎಂಬುದು ಕರಾರು. ಬುತ್ತಿಯಿತ್ತು, ನೀರು ಸಿಕ್ಕಲಿಲ್ಲ. ಹಸಿದೇ ರಾತ್ರಿ ಕಳೆಯಿತು. ಈ ಪ್ರಸಂಗವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ನಾನು ಹೇಳಹೊರಟಿರುವ ಪ್ರಬಂಧದಲ್ಲಿ ಇದರ ಸುಳಿವೇ ಇಲ್ಲ.

ಮುಂದೆ ಕುಟುಂಬವು ಮುಂಬಯಿಗೆ ಬಂದಿತು. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಎರಡನೆಯ ಭಾಷೆಯಾಗಿ ಸಂಸ್ಕೃತವನ್ನು ಕಲಿಯಬೇಕೆಂಬ ಆಸೆ ಹುಡುಗನಿಗಿತ್ತು. ಅದು ದೊರೆಯಲಿಲ್ಲ, ಪಾರಸಿಯನ್ನು ಆರಿಸಿಕೊಳ್ಳಬೇಕಾಯಿತು. ಭಾಷೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡ ನನಗೆ ಗೋಣಿತಾಟಿಗಿಂತ ಈ ಸಂಗತಿಯೇ ಹೆಚ್ಚು ಕಹಿಯೆನಿಸುತ್ತದೆ. ಯಾವ ಗ್ರಂಥಗಳ ಆಧಾರದ ಮೇಲೆ ತನ್ನನ್ನು ಹೊರಗಿಟ್ಟರೋ ಆ ಗ್ರಂಥಗಳ ಭಾಷೆಯನ್ನೂ ತಿಳಿಯಗೊಡಲಿಲ್ಲ. ಆ ಕೊರತೆಯನ್ನು ಅವರು ಸ್ವಂತ ಪರಿಶ್ರಮದಿಂದ ತಕ್ಕಮಟ್ಟಿಗೆ ತುಂಬಿಕೊಂಡರೂ, ಸಂಸ್ಕೃತ ತಿಳಿಯದವರು ಈ ವಿಷಯವನ್ನು ಬರೆಯಬಹುದೇ ಎಂಬ ಆಕ್ಷೇಪವು ಅವರ ಬೆನ್ನು ಬಿಡಲಿಲ್ಲ. 1946ರಲ್ಲಿ ಶೂದ್ರರ ಮೂಲವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದಾಗಲೂ ಮುನ್ನುಡಿಯಲ್ಲಿ ಅದಕ್ಕೆ ಉತ್ತರ ಕೊಡಬೇಕಾಯಿತು.

1907ರಲ್ಲಿ ಮೆಟ್ರಿಕ್ಯುಲೇಷನ್ ಪಾಸಾಯಿತು. ಆಗ ಕೃಷ್ಣಾಜಿ ಅರ್ಜುನ ಕೇಳೂಸಕರ ಎಂಬ ಮರಾಠಿ ಲೇಖಕರು ತಾವು ಬರೆದ ಬುದ್ಧಚರಿತ್ರೆಯನ್ನು ಹುಡುಗನಿಗೆ ಕಾಣಿಕೆಯಾಗಿ ಕೊಟ್ಟರು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವು ದೊರೆಯುವಲ್ಲಿಯೂ ಅವರ ಪಾತ್ರವಿತ್ತು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಆಯಿತು. ಬಡೋದೆಯಲ್ಲಿ ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ, 1913ರ ಫೆಬ್ರುವರಿ 2ರಂದು, ತಂದೆ ತೀರಿಕೊಂಡರು. ಅದೇ ವರ್ಷ ಮಹಾರಾಜರು ಅಮೆರಿಕೆಯ ವ್ಯಾಸಂಗಕ್ಕಾಗಿ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನವನ್ನು ಮಂಜೂರು ಮಾಡಿದರು. ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಜುಲೈ ತಿಂಗಳಲ್ಲಿ ಅಂಬೇಡ್ಕರರು ನ್ಯೂಯಾರ್ಕಿನಲ್ಲಿ ಇಳಿದರು.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಗ ಜಗದ್ವಿಖ್ಯಾತರಾದ ಆಚಾರ್ಯರು ಹಲವರಿದ್ದರು. ಅರ್ಥಶಾಸ್ತ್ರದಲ್ಲಿ ಸೆಲಿಗ್ಮನ್, ತತ್ತ್ವಶಾಸ್ತ್ರದಲ್ಲಿ ಜಾನ್ ಡ್ಯೂಯಿ, ಇತಿಹಾಸದಲ್ಲಿ ಶಾಟ್‌ವೆಲ್ ಮತ್ತು ರಾಬಿನ್‌ಸನ್, ಮಾನವಶಾಸ್ತ್ರದಲ್ಲಿ ಫ್ರಾಂಜ್ ಬೋವಾಸ್ ಮತ್ತು ಅವರ ಶಿಷ್ಯ ಅಲೆಕ್ಸಾಂಡರ್ ಗೋಲ್ಡನ್‌ವೈಸರ್. ಮೂರು ವರ್ಷಗಳಲ್ಲಿ ಈ ವಿದ್ಯಾರ್ಥಿಯು ಅರ್ಥಶಾಸ್ತ್ರದ 29, ಇತಿಹಾಸದ 11, ಸಮಾಜಶಾಸ್ತ್ರದ 6, ತತ್ತ್ವಶಾಸ್ತ್ರದ 5, ಮಾನವಶಾಸ್ತ್ರದ 4 ಪಾಠಕ್ರಮಗಳನ್ನು ತೆಗೆದುಕೊಂಡರೆಂದು ಲೆಕ್ಕ ಸಿಕ್ಕುತ್ತದೆ. ಹಸಿದವನು ಎಲೆಯ ಮುಂದೆ ಕುಳಿತ ಹಾಗೆ ಎಂದರೆ ತಪ್ಪಾಗಲಾರದು. ಯಾರ ಪಕ್ಕದಲ್ಲಾದರೂ ಕುಳಿತು ಪಾಠ ಕೇಳಬಹುದು, ಯಾವ ಕಪಾಟಿನ ಪುಸ್ತಕವನ್ನಾದರೂ ಮುಟ್ಟಬಹುದು ಎಂಬ ಸ್ಥಿತಿ ಅವರಿಗೆ ಜೀವನದಲ್ಲಿ ಮೊದಲ ಬಾರಿ ಒದಗಿದ್ದು ಅಲ್ಲಿ. ಊಟದ ಖರ್ಚನ್ನು ಹಿಡಿದಿಟ್ಟು, ಹಳೆಯ ಪುಸ್ತಕಗಳ ಅಂಗಡಿಗಳನ್ನು ಅಲೆದು ಅವರು ದೊಡ್ಡ ಸಂಗ್ರಹವನ್ನೇ ಮಾಡಿದರು. 1915ರಲ್ಲಿ ಎಂ.ಎ. ಪದವಿ ಬಂದಿತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸನ್ನು ಕುರಿತ ಬರಹವೊಂದನ್ನೂ ಅವರು ಆ ಅವಧಿಯಲ್ಲಿ ಸಿದ್ಧಪಡಿಸಿದರು.

ಇನ್ನು ಆ ಪ್ರಬಂಧ. 1916ನೆಯ ಮೇ 9ರಂದು, ಗೋಲ್ಡನ್‌ವೈಸರರ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ, ಅಂಬೇಡ್ಕರರು ಭಾರತದ ಜಾತಿಗಳ ರಚನಾತಂತ್ರ, ಹುಟ್ಟು ಮತ್ತು ಬೆಳವಣಿಗೆಯನ್ನು ಕುರಿತು ತಾವು ಬರೆದುದನ್ನು ಓದಿದರು. ಇಪ್ಪತ್ತೈದು ತುಂಬಿ ಒಂದು ತಿಂಗಳೂ ಆಗಿರಲಿಲ್ಲ. ಕೇಳುವವರಿಗೆ ಜಾತಿಯೆಂದರೆ ದೂರದೇಶದ ಒಂದು ವಿಚಿತ್ರ ಸಂಗತಿ ಮಾತ್ರ. ಹಿಂದಿನ ವರ್ಷವಷ್ಟೇ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಭಾರಿ ವಸ್ತುಪ್ರದರ್ಶನವೊಂದು ನಡೆದು ಮುಗಿದಿತ್ತು. ಪ್ರಬಂಧವೂ ಪ್ರದರ್ಶನಗಳ ಮಾತಿನಿಂದಲೇ ಮೊದಲಾಗುತ್ತದೆ. ವಸ್ತುಗಳನ್ನು ಸಾಲಾಗಿಟ್ಟು ತೋರಿಸುವಂತೆ ಮನುಷ್ಯನು ಕಟ್ಟಿಕೊಂಡ ಸಂಸ್ಥೆಗಳನ್ನೂ ತೋರಿಸಬಹುದಲ್ಲವೇ ಎಂಬುದು ಅಲ್ಲಿನ ಧಾಟಿ. ಕೇಳುಗರು ಬಲ್ಲ ನೆಲದಿಂದ ಹೊರಟು ಅವರು ಅರಿಯದ ನೆಲಕ್ಕೆ ಕೈಹಿಡಿದು ಕರೆದೊಯ್ಯುವ ಈ ಉಪಾಯವನ್ನು ನಮ್ಮ ಹರಿಕಥೆಯ ದಾಸರೂ ಬಲ್ಲರು.

ಅಲ್ಲಿಂದ ಮುಂದೆ ಲೇಖಕರು ಹಿಡಿಯುವುದು ನಮ್ಮ ಶಾಸ್ತ್ರಕಾರರ ಹಳೆಯ ಹಾದಿಯನ್ನೇ: ಮೊದಲು ಪೂರ್ವಪಕ್ಷ. ಜಾತಿಯೆಂದರೇನು ಎಂಬುದಕ್ಕೆ ಅಂದಿಗೆ ಪ್ರಮಾಣವೆನಿಸಿದ್ದ ನಾಲ್ವರ ಲಕ್ಷಣಗಳನ್ನು ಅವರು ಎದುರಿಗಿಟ್ಟುಕೊಳ್ಳುತ್ತಾರೆ. ಫ್ರೆಂಚ್ ವಿದ್ವಾಂಸ ಸೆನಾರ್, ವೃತ್ತಿಯೇ ಜಾತಿಯ ಮೂಲವೆಂದು ವಾದಿಸಿದ ನೆಸ್‌ಫೀಲ್ಡ್, 1901ರ ಜನಗಣತಿಯ ಮುಖ್ಯಾಧಿಕಾರಿಯಾಗಿ ಮೂಗಿನ ಅಳತೆಯಲ್ಲಿ ಕುಲದ ಮೂಲವನ್ನು ಹುಡುಕಿದ ರಿಸ್ಲಿ, ಮತ್ತು ಅಮೆರಿಕೆಯಲ್ಲಿಯೇ ಓದಿ ಬಂದು ಮುಂದೆ ಮರಾಠಿಗೆ ಜ್ಞಾನಕೋಶವನ್ನು ಕೊಟ್ಟ ಶ್ರೀಧರ ವೆಂಕಟೇಶ ಕೇತಕರ. ಸೆನಾರರು ಹೇಳುವ ಮೈಲಿಗೆಯ ಭಾವನೆಯು ಪುರೋಹಿತರ ಆಚಾರವಿದ್ದಲ್ಲೆಲ್ಲ ಕಾಣುವಂಥದು. ಅದು ಜಾತಿಯ ಅಸಾಧಾರಣ ಲಕ್ಷಣವಲ್ಲ. ಸಹಭೋಜನದ ನಿಷೇಧವೇ ಜಾತಿಯೆಂದರೆ ಕಾರ್ಯವನ್ನೇ ಕಾರಣವೆಂದು ತಿಳಿದಂತೆ. ಕೇತಕರರಲ್ಲಿ ಅವರಿಗೆ ಗೌರವ ಹೆಚ್ಚು, ಆದರೂ ಬಿಡುವುದಿಲ್ಲ. ಬೇರೆ ಗುಂಪಿನೊಡನೆ ಮದುವೆಯಿಲ್ಲ, ಒಳಗೆ ಹುಟ್ಟಿದವನಿಗಲ್ಲದೆ ಪ್ರವೇಶವಿಲ್ಲ ಎಂದು ಕೇತಕರರು ಎರಡು ಲಕ್ಷಣಗಳನ್ನು ಹೇಳಿದ್ದರು. ಇವೆರಡೂ ಒಂದೇ ನಾಣ್ಯದ ಎರಡು ಮುಖಗಳೆಂದು, ಒಂದನ್ನು ತಡೆದರೆ ಇನ್ನೊಂದು ತಾನಾಗಿಯೇ ಬರುವುದೆಂದು ಅಂಬೇಡ್ಕರರು ತೋರಿಸುತ್ತಾರೆ. ನಾಲ್ವರನ್ನೂ ಸೋಸಿದ ಮೇಲೆ ಜರಡಿಯಲ್ಲಿ ಉಳಿಯುವುದು ಒಂದೇ ವಸ್ತು, ಒಳವಿವಾಹ. ಅದೇ ಜಾತಿಯ ಜೀವಾಳ.

ಸುಲಭವಾಗಿ ತೋರುವ ಈ ನಿರ್ಣಯದಿಂದ ಅವರು ತೆಗೆಯುವ ಪ್ರಶ್ನೆಯು ಅಷ್ಟು ಸುಲಭವಲ್ಲ. ಹಿಂದೂ ಸಮಾಜದಲ್ಲಿ ಒಂದೇ ಗೋತ್ರದವರು ಮದುವೆಯಾಗಕೂಡದೆಂಬ ನಿಯಮ ಹಳೆಯದು. ಹೊರಗಿನಿಂದ ಹೆಣ್ಣು ತರುವುದು ರೂಢಿ. ಅಂಥ ಸಮಾಜದ ಮೇಲೆ, ಗುಂಪಿನೊಳಗೇ ಮದುವೆಯಾಗಬೇಕೆಂಬ ನಿಯಮವು ಬಂದು ಕುಳಿತದ್ದು ಹೇಗೆ? ಕುಳಿತ ಮೇಲೆ ಜಾರದೆ ನಿಂತದ್ದು ಹೇಗೆ? ಇಲ್ಲಿ ಅವರು ಗಣಿತಜ್ಞನಂತೆ ಲೆಕ್ಕ ಹಾಕುತ್ತಾರೆ. ಬೇಲಿ ಹಾಕಿಕೊಂಡ ಗುಂಪಿನಲ್ಲಿ ಗಂಡು ಹೆಣ್ಣುಗಳ ಸಂಖ್ಯೆಯು ಸಮನಾಗಿರಬೇಕು. ಗಂಡನು ಮೊದಲು ಸತ್ತರೆ ಹೆಂಡತಿಯು ಹೆಚ್ಚುವರಿಯಾಗಿ ಉಳಿಯುತ್ತಾಳೆ. ಅವಳು ಹೊರಗೆ ಮದುವೆಯಾದರೆ ಬೇಲಿ ಮುರಿಯಿತು. ಒಳಗೆ ಆದರೆ ಒಬ್ಬ ಕನ್ಯೆಯ ವರನು ಹೋದನು. ಆದುದರಿಂದ ಅವಳನ್ನು ಗಂಡನ ಚಿತೆಯಲ್ಲಿ ಸುಡುವುದು. ಅದಾಗದಿದ್ದರೆ ಬದುಕಿರುವಷ್ಟು ಕಾಲವೂ ವಿಧವೆಯಾಗಿ ಇರಿಸುವುದು. ಹೆಂಡತಿಯು ಮೊದಲು ಸತ್ತರೆ ಉಳಿಯುವ ಗಂಡಸನ್ನು ಸುಡುವಂತಿಲ್ಲ, ಅವನು ಗಂಡಸು. ಅವನ ದುಡಿಮೆಯೂ ಗುಂಪಿಗೆ ಬೇಕು. ಅವನಿಗೆ ಸನ್ಯಾಸವನ್ನು ಹೇರಿದರೆ ನಿಲ್ಲುವ ಭರವಸೆಯಿಲ್ಲ, ನಿಂತರೆ ಸಂತತಿಗೆ ನಷ್ಟ. ಉಳಿದ ಉಪಾಯವೆಂದರೆ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯರ ಸಾಲಿನಿಂದ ಒಬ್ಬಳನ್ನು ತಂದು ಅವನಿಗೆ ಕಟ್ಟುವುದು. ಹೀಗೆ ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಈ ಮೂರೂ ಒಂದೇ ಯಂತ್ರದ ಮೂರು ಗಾಲಿಗಳಾಗಿ ನಮ್ಮ ಕಣ್ಣೆದುರಿಗೆ ತಿರುಗತೊಡಗುತ್ತವೆ.

ಈ ಪದ್ಧತಿಗಳನ್ನು ಹಾಡಿ ಹೊಗಳಿದವರ ವಿಷಯ ಬಂದಾಗಲೂ ಅವರು ರೇಗುವುದಿಲ್ಲ. ಆನಂದ ಕುಮಾರಸ್ವಾಮಿಯವರು ಸತಿಯನ್ನು ಸಮರ್ಥಿಸಿ 1913ರಲ್ಲಿ ಲೇಖನ ಬರೆದಿದ್ದರು, ಅದನ್ನು ಉಲ್ಲೇಖಿಸುತ್ತಾರೆ. ಹೊಗಳಿಕೆಯು ಪದ್ಧತಿಗೆ ಏಕೆ ಗೌರವ ಬಂದಿತೆಂದು ಹೇಳೀತು, ಪದ್ಧತಿಯು ಏಕೆ ಹುಟ್ಟಿತೆಂದು ಹೇಳಲಾರದು ಎಂಬುದು ಅವರ ಉತ್ತರದ ತಾತ್ಪರ್ಯ. ಬೇಕಾಗಿದ್ದ ಕೆಲಸವನ್ನು ಮಾಡಿಸಿಕೊಂಡ ಮೇಲೆ ಅದಕ್ಕೆ ಮಾತಿನ ಜರತಾರಿ ಹೊದಿಸಿದರು ಎಂಬ ಅಭಿಪ್ರಾಯ.

ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಬಾಲ್ಯವಿವಾಹದ ಗಣಿತವನ್ನು ಇಷ್ಟು ನಿರ್ಲಿಪ್ತವಾಗಿ ಬಿಡಿಸಿದ ಲೇಖಕರಿಗೇ ಶಾಲೆಯ ದಿನಗಳಲ್ಲಿ ಮದುವೆಯಾಗಿತ್ತು. ವಧು ರಮಾಬಾಯಿಗೆ ಆಗ ಸುಮಾರು ಒಂಬತ್ತು ವರ್ಷ. ಅವರು ನ್ಯೂಯಾರ್ಕಿನಲ್ಲಿ ಈ ಸಾಲುಗಳನ್ನು ಬರೆಯುತ್ತಿದ್ದಾಗ ಆ ಹೆಣ್ಣುಮಗಳು ಮುಂಬಯಿಯ ಚಾಳಿನಲ್ಲಿ ಬಡತನವನ್ನು ನುಂಗಿಕೊಂಡು ಸಂಸಾರವನ್ನು ಸಾಗಿಸುತ್ತಿದ್ದರು. ಪ್ರಬಂಧದಲ್ಲಿ ಅದೂ ಇಲ್ಲ, ಮಸೂರಿನ ಬಾಯಾರಿಕೆಯೂ ಇಲ್ಲ.

ಯಂತ್ರದ ರಚನೆ ತಿಳಿಯಿತು. ಅದನ್ನು ಮೊದಲು ಹೂಡಿದವರಾರು? ಈ ಮೂರು ಪದ್ಧತಿಗಳೂ ಅತಿ ಬಿಗಿಯಾಗಿ ಕಾಣುವುದು ಬ್ರಾಹ್ಮಣರಲ್ಲಿ. ಆದುದರಿಂದ ಮೊದಲು ಬಾಗಿಲು ಮುಚ್ಚಿಕೊಂಡ ವರ್ಗವು ಅದೇ ಎಂಬುದು ಅವರ ನಿರ್ಣಯ. ಆದರೆ ಅಷ್ಟರಿಂದಲೇ ಅವರು ಬ್ರಾಹ್ಮಣರು ಜಾತಿಯನ್ನು ದೇಶದ ಮೇಲೆ ಹೇರಿದರೆಂದು ಹೇಳುವುದಿಲ್ಲ. ಮನುವು ಜಾತಿಯ ಶಾಸನವನ್ನು ಬರೆದು ಜನರ ಕೊರಳಿಗೆ ಕಟ್ಟಿದನೆಂಬ ಮಾತನ್ನು ಅವರು ಒಪ್ಪುವುದಿಲ್ಲ. ಇಷ್ಟು ದೊಡ್ಡ ಜನಸಮೂಹವನ್ನು ಒಬ್ಬನ ಲೇಖನಿಯ ಬಲದಿಂದ ಕೆಳಗಿಳಿಸಲಾಗದು. ಇದ್ದ ರೂಢಿಯನ್ನು ಅವನು ಕ್ರಮಪಡಿಸಿರಬಹುದು ಅಷ್ಟೆ. ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಇಲ್ಲಿ ಎದ್ದು ನಿಲ್ಲುತ್ತಾರೆ. 1927ರಲ್ಲಿ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟ ಸಭೆಯ ನಾಯಕರು ಅವರೇ ಅಲ್ಲವೇ, ಹನ್ನೊಂದು ವರ್ಷ ಮೊದಲು ಮನುವನ್ನು ಹೀಗೆ ಬಿಟ್ಟುಕೊಟ್ಟರೇಕೆ ಎಂದು ಕೇಳುತ್ತಾರೆ. ಬಿಟ್ಟುಕೊಟ್ಟದ್ದಲ್ಲ. ಕೈಗೆ ಸುಲಭವಾಗಿ ಸಿಕ್ಕುವ ಅಪರಾಧಿಯನ್ನು ಹಿಡಿದರೆ ವಾದವು ಅಲ್ಲಿಗೇ ನಿಲ್ಲುತ್ತದೆ. ಅವರಿಗೆ ಬೇಕಾಗಿದ್ದುದು ಕಾರಣ. ಪ್ರತಿಪಕ್ಷದವನಿಗೆ ಮಾತ್ರವಲ್ಲ, ತನ್ನ ಪಕ್ಷಕ್ಕೆ ಅನುಕೂಲವಾದ ದುರ್ಬಲ ಯುಕ್ತಿಗೂ ಇಲ್ಲವೆನ್ನುವ ಧೈರ್ಯವು ಇಪ್ಪತ್ತೈದರ ವಯಸ್ಸಿನಲ್ಲಿ ಎಲ್ಲರಿಗೂ ಬರುವಂಥದಲ್ಲ.

ಹಾಗಾದರೆ ಜಾತಿಯು ಹರಡಿದ ಬಗೆ? ಅದಕ್ಕಾಗಿ ಅವರು ಫ್ರಾನ್ಸಿನ ಗೇಬ್ರಿಯಲ್ ಟಾರ್ಡ್ ಎಂಬ ಸಮಾಜಶಾಸ್ತ್ರಜ್ಞನ ಅನುಕರಣ ಸಿದ್ಧಾಂತವನ್ನು ತರುತ್ತಾರೆ. ಅನುಕರಣವು ಪ್ರತಿಷ್ಠೆಯುಳ್ಳವರಿಂದ ಇಲ್ಲದವರ ಕಡೆಗೆ ಹರಿಯುತ್ತದೆ. ದೂರ ಹೆಚ್ಚಿದಷ್ಟೂ ಅದರ ಕಸುವು ಕುಗ್ಗುತ್ತದೆ. ಪ್ರಬಂಧದ ಅತ್ಯುತ್ತಮ ಭಾಗವಿದು ಎಂದು ನನ್ನ ಎಣಿಕೆ. ಏಕೆಂದರೆ ಸಿದ್ಧಾಂತವನ್ನು ಹೇಳಿ ಸುಮ್ಮನಾಗದೆ ಅದನ್ನು ಪರೀಕ್ಷೆಗೆ ಒಡ್ಡುತ್ತಾರೆ. ತಮ್ಮ ಮಾತು ನಿಜವಾದರೆ ಬ್ರಾಹ್ಮಣರಿಗೆ ಹತ್ತಿರದಲ್ಲಿರುವ ಜಾತಿಗಳಲ್ಲಿ ಮೂರು ಪದ್ಧತಿಗಳೂ ಇರಬೇಕು. ತುಸು ದೂರದವರಲ್ಲಿ ವೈಧವ್ಯ ಮತ್ತು ಬಾಲ್ಯವಿವಾಹ, ಇನ್ನೂ ದೂರದವರಲ್ಲಿ ಬಾಲ್ಯವಿವಾಹ ಮಾತ್ರ, ಅತಿ ದೂರದವರಲ್ಲಿ ಜಾತಿಯ ನಂಬಿಕೆಯಷ್ಟೇ ಉಳಿದಿರಬೇಕು. ಸಮಾಜವನ್ನು ನೋಡಿದರೆ ಹಾಗೆಯೇ ಇದೆಯೆಂದು ಅವರು ತೋರಿಸುತ್ತಾರೆ. ಹೊಳೆಗೆ ಬಿದ್ದ ಕಲ್ಲಿನ ಸುತ್ತ ಅಲೆಗಳು ಹೊರಹೋದಂತೆಲ್ಲ ಸಪ್ಪಗಾಗುವುದನ್ನು ಯಾರೂ ನೋಡಬಹುದು. ಇಲ್ಲಿ ಅಲೆಗಳ ಎತ್ತರವನ್ನು ಅಳೆದು ಕಲ್ಲು ಎಲ್ಲಿ ಬಿದ್ದಿತೆಂದು ಹೇಳಲಾಗಿದೆ. ಇದರೊಡನೆ ಬಹಿಷ್ಕಾರದ ಮಾತನ್ನೂ ಕೂಡಿಸುತ್ತಾರೆ. ಹೊಸ ನಡೆಯನ್ನು ಹಿಡಿದವರನ್ನು ಗುಂಪು ಹೊರಹಾಕುತ್ತದೆ. ಹೊರಬಿದ್ದವರಿಗೆ ಬೇರೆ ಯಾವ ಬಾಗಿಲೂ ತೆರೆದಿರದ ಕಾರಣ ಅವರೇ ಇನ್ನೊಂದು ಜಾತಿಯಾಗುತ್ತಾರೆ. ಒಂಟಿ ಜಾತಿಯೆಂಬುದು ಎಲ್ಲಿಯೂ ಇರಲಾರದು, ಜಾತಿಗಳೆಂದೇ ಹೇಳಬೇಕು ಎಂಬ ಸೂಕ್ಷ್ಮವು ಹೊರಡುವುದು ಇಲ್ಲಿಂದ.

ಕನ್ನಡ ಓದುಗರಿಗೆ ಇದು ಪರಿಚಿತವಾದ ವಿಚಾರವೆನಿಸಿದರೆ ಆಶ್ಚರ್ಯವಿಲ್ಲ. ಮೈಸೂರಿನ ಎಂ. ಎನ್. ಶ್ರೀನಿವಾಸರು 1952ರಲ್ಲಿ ಕೊಡವರನ್ನು ಕುರಿತ ತಮ್ಮ ಗ್ರಂಥದಲ್ಲಿ, ಕೆಳಗಿನ ಜಾತಿಗಳು ಮೇಲಿನವರ ಆಚಾರವನ್ನು ಹಿಡಿದು ಮೇಲೇರಲು ಯತ್ನಿಸುವ ಕ್ರಮಕ್ಕೆ ಸಂಸ್ಕೃತೀಕರಣವೆಂಬ ಹೆಸರನ್ನು ಬಳಕೆಗೆ ತಂದರು; ಆ ಹೆಸರು ವಿದ್ವಲ್ಲೋಕದಲ್ಲೆಲ್ಲ ನಿಂತಿತು. ಎರಡೂ ಒಂದೇ ಅಲ್ಲ. ಶ್ರೀನಿವಾಸರು ಕಂಡದ್ದು ಚಲನೆಯನ್ನು. ಅಂಬೇಡ್ಕರರು ಕಂಡದ್ದು ಅನುಕರಣದ ಮೂಲಕ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತ ಹೋದುದನ್ನು. ಆದರೂ ಮೂವತ್ತಾರು ವರ್ಷ ಮೊದಲೇ ಒಬ್ಬ ವಿದ್ಯಾರ್ಥಿಯು ಆ ನೆಲದಲ್ಲಿ ಕಾಲಿಟ್ಟಿದ್ದನೆಂಬುದನ್ನು ನೆನೆಯದಿರಲಾಗದು.

ಪ್ರಬಂಧದಲ್ಲಿ ದೋಷವಿಲ್ಲವೆಂದು ನಾನು ಹೇಳಲಾರೆ. ಪುರೋಹಿತ ವರ್ಗವು ಮೊದಲಿಗೆ ಏಕೆ ಬಾಗಿಲು ಹಾಕಿಕೊಂಡಿತು ಎಂಬಲ್ಲಿ ಸರಪಣಿಯ ಒಂದು ಕೊಂಡಿಯು ಸಡಿಲವಾಗಿದೆ. ಪ್ರಾಚೀನ ನಾಗರಿಕತೆಗಳ ಪುರೋಹಿತರೆಲ್ಲರ ಅಹಂಭಾವವನ್ನು ಬೆರಳಿಟ್ಟು ತೋರಿಸಿ, ಅದು ಬೇರೆಯೇ ಪ್ರಶ್ನೆಯೆಂದು ಅವರು ಮುಂದೆ ಸಾಗುತ್ತಾರೆ. ಭೂಮಿ, ದುಡಿಮೆ, ಅರಸೊತ್ತಿಗೆ ಇವುಗಳ ಮಾತು ಹೆಚ್ಚಾಗಿ ಬರುವುದಿಲ್ಲ. ಅರ್ಥಶಾಸ್ತ್ರದ ಇಪ್ಪತ್ತೊಂಬತ್ತು ಪಾಠಗಳನ್ನು ಕೇಳಿದವರ ಬರಹದಲ್ಲಿ ಇದು ಸೋಜಿಗವೇ. ಎಲ್ಲಕ್ಕಿಂತ ಮಿಗಿಲಾಗಿ, ಜಾತಿಯ ಕಟ್ಟಡದಿಂದಲೇ ಹೊರಗೆ ನಿಲ್ಲಿಸಲ್ಪಟ್ಟವರ, ಎಂದರೆ ಲೇಖಕರ ಸ್ವಂತ ಜನರ ಪ್ರಶ್ನೆಯು ಇದರ ನಡುಮನೆಗೆ ಬಂದಿಲ್ಲ. ಆ ವಿಷಯಕ್ಕೆ ಅವರು ಒಂದು ಇಡೀ ಗ್ರಂಥವನ್ನು ಮೀಸಲಿಟ್ಟದ್ದು 1948ರಲ್ಲಿ.

ತನ್ನನ್ನು ಹೀಗೆ ಮರೆಮಾಡಿಕೊಂಡದ್ದು ಸರಿಯೇ? ಒಮ್ಮೆ ಒಬ್ಬ ವಿದ್ಯಾರ್ಥಿನಿಯು ನನ್ನನ್ನು ನೇರವಾಗಿ ಕೇಳಿದಳು. ನೊಂದವರು ನೋವನ್ನು ಬಚ್ಚಿಟ್ಟು ವಿದ್ವಾಂಸರ ಅಂಗಿ ತೊಟ್ಟರೆ ಮಾತ್ರ ನಂಬುವಿರಾ ಸರ್, ಎಂದಳು. ನಾನು ಒಡನೆ ಉತ್ತರ ಕೊಡಲಾಗಲಿಲ್ಲ. ಈಗಲೂ ನನ್ನ ಮನಸ್ಸು ಎರಡಾಗಿದೆ. ಆ ಗೋಷ್ಠಿಯ ಮೇಜಿನ ಮುಂದೆ ಅವರು ಮಸೂರಿನ ಕಥೆಯನ್ನು ಹೇಳಿದ್ದರೆ ಕೇಳುಗರು ಕರುಣೆಪಟ್ಟು, ಪ್ರಾಯಶಃ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಅವರಿಗೆ ಬೇಕಾದದ್ದು ಕರುಣೆಯಲ್ಲ, ಒಪ್ಪಿಗೆ. ಭಾವೋದ್ವೇಗವನ್ನು ದೂರವಿಟ್ಟು ಮಾತಾಡಬೇಕೆಂದೂ, ತಮ್ಮ ಸಿದ್ಧಾಂತವು ನಿಲ್ಲದೆಂದು ಯಾರಾದರೂ ತೋರಿಸಿಕೊಟ್ಟರೆ ಬಿಟ್ಟುಬಿಡಲು ಸಿದ್ಧರೆಂದೂ ಅವರು ಪ್ರಬಂಧದ ಕೊನೆಗೆ ಹೇಳುತ್ತಾರೆ. ಅಂಥ ಮಾತನ್ನು ಆಡಲು ಅವರು ತೆತ್ತ ಬೆಲೆಯೇನೆಂದು ಆ ಮೇಜಿನ ಸುತ್ತ ಕುಳಿತ ಎಷ್ಟು ಜನಕ್ಕೆ ಗೊತ್ತಿದ್ದೀತು!

ಪ್ರಬಂಧವು ಮರುವರ್ಷ, 1917ರ ಮೇ ತಿಂಗಳ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚಾಯಿತು. ಕನ್ನಡ ವಿದ್ಯಾರ್ಥಿಗಳಿಗೆ ಆ ಪತ್ರಿಕೆಯ ಹೆಸರು ಹೊಸದಲ್ಲ. ಫ್ಲೀಟರು ನಮ್ಮ ಹಳಗನ್ನಡ ಶಾಸನಗಳನ್ನು ಓದಿ ಪ್ರಕಟಿಸಿದ್ದು ಅದರ ಪುಟಗಳಲ್ಲಿಯೇ. ತರಗತಿಗೆಂದು ಬರೆದದ್ದು ಅಂಥ ಪತ್ರಿಕೆಯಲ್ಲಿ ಸ್ಥಾನ ಪಡೆಯಿತು. ಆದರೆ ಅದನ್ನು ಬರೆದವರಿಗೆ ಅದೇ ವರ್ಷ ಸ್ವದೇಶದಲ್ಲಿ ಒಂದು ಕೋಣೆಯೂ ಸಿಕ್ಕಲಿಲ್ಲ.

1916ರಲ್ಲಿ ಅವರು ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರದ ಶಾಲೆಗೂ ಗ್ರೇಸ್ ಇನ್ನಿಗೂ ಸೇರಿದ್ದರು. ವಿದ್ಯಾರ್ಥಿವೇತನದ ಅವಧಿ ಮುಗಿದು ಮರಳಬೇಕಾಯಿತು. ಯುದ್ಧಕಾಲ, ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಜರ್ಮನ್ ಜಲಾಂತರ್ನೌಕೆಯ ಹೊಡೆತಕ್ಕೆ ಸಿಕ್ಕಿ ಸಮುದ್ರದ ಪಾಲಾದವು. ಕರಾರಿನಂತೆ ಬಡೋದೆಗೆ ಹೋದರೆ ಕಚೇರಿಯಲ್ಲಿ ಜವಾನರು ಕಾಗದಗಳನ್ನು ದೂರದಿಂದ ಎಸೆಯುತ್ತಿದ್ದರು. ಯಾರೂ ಮನೆ ಕೊಡಲಿಲ್ಲ. ಪಾರಸಿಗಳ ವಸತಿಗೃಹದಲ್ಲಿ ಪಾರಸಿ ಹೆಸರನ್ನಿಟ್ಟುಕೊಂಡು ಕೆಲವು ದಿನ ತಂಗಿದರು. ಒಂದು ಬೆಳಗ್ಗೆ ದೊಣ್ಣೆ ಹಿಡಿದ ಪಾರಸಿಗಳ ಗುಂಪು ಬಂದು, ಸಂಜೆಯೊಳಗೆ ಖಾಲಿ ಮಾಡಬೇಕೆಂದು ಗದರಿಸಿತು. ಹೋಗಲು ಎಲ್ಲಿಯೂ ಎಡೆಯಿಲ್ಲದೆ ಊರಿನ ಉದ್ಯಾನವನದಲ್ಲಿ ಕುಳಿತು ಹೊತ್ತು ಕಳೆದು ರಾತ್ರಿಯ ರೈಲಿಗೆ ಮುಂಬಯಿಗೆ ಮರಳಿದರು. ಬಾಗಿಲು ಮುಚ್ಚುವುದನ್ನು ಕುರಿತು ಅವರು ಬರೆದ ಸಿದ್ಧಾಂತವು ಅಚ್ಚಾಗಿ ಕೆಲವು ತಿಂಗಳಷ್ಟೇ ಆಗಿತ್ತು.

ಉಳಿದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಹಣ ಕೂಡಿಸಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಮಹಾಪ್ರಬಂಧವನ್ನು ಪರೀಕ್ಷಕರು ತಿದ್ದಿ ಮತ್ತೆ ಒಪ್ಪಿಸುವಂತೆ ಹೇಳಿದರು. ತಿದ್ದಿ ಕೊಟ್ಟ ಮೇಲೆ 1923ರಲ್ಲಿ ಡಿ.ಎಸ್‌ಸಿ. ಪದವಿ ಬಂದಿತು. ಭಾರತಕ್ಕೆ ಸ್ವರ್ಣವಿನಿಮಯ ಪದ್ಧತಿಯೇ ಯೋಗ್ಯವೆಂದ ಕೇನ್ಸರನ್ನು ಅದರಲ್ಲಿ ಎದುರಿಸಿದ್ದರು. ಅವರ ಗುರು ಎಡ್ವಿನ್ ಕ್ಯಾನನ್ನರು ಹಲವು ವಾದಗಳನ್ನು ಒಪ್ಪದೆಯೂ ಅದಕ್ಕೆ ಮುನ್ನುಡಿ ಬರೆದುಕೊಟ್ಟರು. ಒಪ್ಪದವರಿಂದ ಮುನ್ನುಡಿ ಬರೆಯಿಸಿಕೊಳ್ಳುವುದು ಪದವಿಗಿಂತ ದೊಡ್ಡದೆಂದು ನನಗೆ ತೋರುತ್ತದೆ. ಕೊಲಂಬಿಯಾದ ಪಿಎಚ್.ಡಿ.ಯು 1927ರಲ್ಲಿ ಕೈಸೇರಿತು. ಅಷ್ಟರಲ್ಲಿ ಅವರು ಗ್ರಂಥಾಲಯದಿಂದ ಕೆರೆಯ ದಂಡೆಗೆ ಬಂದಿದ್ದರು. ನಿಪ್ಪಾಣಿ, ಬೆಳಗಾವಿಗಳ ಸಭೆಗಳಿಗೂ ಬಂದರು. 1929ರಲ್ಲಿ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಸತಿನಿಲಯವನ್ನು ತೆರೆಯಿಸಿದರು.

ಆದರೆ ಆ ಮೇ ತಿಂಗಳ ಪ್ರಬಂಧವು ಅವರನ್ನು ಬಿಟ್ಟುಹೋಗಿರಲಿಲ್ಲ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲವು ಅವರನ್ನು ತನ್ನ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಕರೆಯಿತು. ಭಾಷಣದ ಪ್ರತಿಯನ್ನು ಮುಂಚಿತವಾಗಿ ಕಂಡ ಮಂಡಲದವರು, ಶಾಸ್ತ್ರಗಳ ಪ್ರಾಮಾಣ್ಯವನ್ನು ಅಲ್ಲಗಳೆದ ಭಾಗಗಳನ್ನು ಕೈಬಿಡುವಂತೆ ಕೋರಿದರು. ಅವರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಆಡಲಾಗದ ಭಾಷಣವನ್ನು ಅವರು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದರು. ಜಾತಿವಿನಾಶವೆಂದು ನಾವು ಕರೆಯುವ ಕೃತಿ ಅದೇ. ಗಾಂಧೀಜಿಯವರು ಹರಿಜನ ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. ಅಂಬೇಡ್ಕರರು ಮುಂದಿನ ಮುದ್ರಣದಲ್ಲಿ ಆ ವಿಮರ್ಶೆಯನ್ನೂ ತಮ್ಮ ಉತ್ತರವನ್ನೂ ಒಟ್ಟಿಗೆ ಇಟ್ಟರು. ಪೂರ್ವಪಕ್ಷವನ್ನು ಪೂರ್ತಿಯಾಗಿ ಮುದ್ರಿಸಿ ಅನಂತರ ಖಂಡಿಸುವ ಮರ್ಯಾದೆಯನ್ನು ಅವರು ಬಿಡಲಿಲ್ಲ. ಇಲ್ಲಿ ದನಿಯು ಬೇರೆ. ನ್ಯೂಯಾರ್ಕಿನಲ್ಲಿ ವಿವರಿಸಿದವರು ಇಲ್ಲಿ ಆಪಾದಿಸುತ್ತಾರೆ. ಬಾವಿಗೆ, ಬೀದಿಗೆ, ಬಟ್ಟೆಗೆ ಸಂಬಂಧಿಸಿದ ಅಪಮಾನಗಳನ್ನು ಊರಿನ ಹೆಸರುಗಳೊಡನೆ ಹೇಳುತ್ತಾರೆ. ಆದರೆ ಔಷಧಿಯೆಂದು ಅವರು ಸೂಚಿಸಿದ ಅಂತರ್ಜಾತೀಯ ವಿವಾಹವು ಹೊರಟದ್ದು ಹಳೆಯ ಪ್ರಬಂಧದ ಲಕ್ಷಣದಿಂದಲೇ. ಒಳವಿವಾಹವೇ ಜಾತಿಯ ಜೀವಾಳವಾದರೆ ಅದನ್ನು ಕಡಿಯದೆ ಜಾತಿಯು ಸಾಯದು. ಮುಂದೆ ಆ ವಿವಾಹವನ್ನು ತಡೆಯುವ ನಂಬಿಕೆಯ ಬೇರಾದ ಶಾಸ್ತ್ರಗಳಿಗೂ ಕೊಡಲಿ ಬೀಳುತ್ತದೆ.

1944ರಲ್ಲಿ ಜಾತಿವಿನಾಶದ ಮೂರನೆಯ ಮುದ್ರಣವು ಬಂದಾಗ, ಹಳೆಯ ಪ್ರಬಂಧವನ್ನೂ ಅದರಲ್ಲಿ ಬೆಸೆದು ಎರಡನ್ನೂ ಹೊಸದಾಗಿ ಬರೆಯಬೇಕೆಂಬ ಇಚ್ಛೆ ತಮಗಿತ್ತೆಂದು ಅವರು ಮುನ್ನುಡಿಯಲ್ಲಿ ತಿಳಿಸಿದರು. ಬಿಡುವು ಸಿಕ್ಕಲಿಲ್ಲ, ಇದ್ದ ಹಾಗೆಯೇ ಮುದ್ರಿಸಬೇಕಾಯಿತು. ಅಂದು ಅವರು ವೈಸ್‌ರಾಯರ ಮಂಡಲಿಯಲ್ಲಿ ಕಾರ್ಮ���ಕ ಖಾತೆಯ ಸದಸ್ಯರು. ಅನಂತರ ಸಂವಿಧಾನದ ಕೆಲಸ, ಹಿಂದೂ ಸಂಹಿತೆಯ ಹೋರಾಟ, ರಾಜೀನಾಮೆ. 1952ರ ಜೂನ್ 5ರಂದು ಕೊಲಂಬಿಯಾ ವಿಶ್ವವಿದ್ಯಾಲಯವು ಅವರನ್ನು ಕರೆಸಿ ಗೌರವ ಡಾಕ್ಟರೇಟ್ ಕೊಟ್ಟಿತು. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡಾಗಲೂ ಎರಡು ಬರಹಗಳು ಬೆಸೆಯದೆಯೇ ಉಳಿದಿದ್ದವು.

1979ರಲ್ಲಿ ಮಹಾರಾಷ್ಟ್ರ ಸರ್ಕಾರವು ಅವರ ಬರಹ ಭಾಷಣಗಳ ಮೊದಲನೆಯ ಸಂಪುಟವನ್ನು ಹೊರತಂದಿತು. ಅದರಲ್ಲಿ ಜಾತಿವಿನಾಶವಿದೆ, ಅದಕ್ಕಿಂತ ಮೊದಲು, ಸಂಪುಟದ ಪ್ರಾರಂಭದಲ್ಲಿಯೇ, ಗೋಲ್ಡನ್‌ವೈಸರರ ತರಗತಿಯಲ್ಲಿ ಓದಿದ ಆ ಪ್ರಬಂಧವಿದೆ. ಇಪ್ಪತ್ತಕ್ಕೆ ಕಡಮೆಯಿಲ್ಲದ ಸಂಪುಟಗಳ ಸಾಲಿಗೆ ಅದೇ ಹೊಸ್ತಿಲು. ಈ ವರ್ಷ ನಮ್ಮ ಕಾಲೇಜಿನಲ್ಲಿ ಆ ಪುಸ್ತಕವನ್ನು ಕಪಾಟಿನಿಂದ ತೆಗೆಯಿಸಿಕೊಂಡು ಹೋದವಳು ಅದೇ ವಿದ್ಯಾರ್ಥಿನಿ. ಇನ್ನೂ ಹಿಂದಿರುಗಿಸಿಲ್ಲವೆಂದು ಗ್ರಂಥಪಾಲಕರು ನನ್ನ ಬಳಿ ದೂರು ಹೇಳಿದರು.